ನನ್ನ ‘ಹೂಂ’ ನನಗೆ ವಾಪಸ್ ಕೊಡಿ

ಅತಿಶಕ್ತಿ ವಾಹನಗಳ ಹೊಣೆ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನದಲ್ಲದ ಕಾರೊಂದಕ್ಕೆ ನನ್ನನ್ನು ಕಟ್ಟಿಹಾಕಿದ್ದೀರಿ. ಬಿಚ್ಚಿ.

ವಿಷಯ ಇಷ್ಟೇ. ಆದರೆ ಇಷ್ಟನ್ನೇ ಬರೆದಾಗ ನಿಮ್ಮ ಕಚೇರಿ ‘ವಿವರ ಸಾಲದು’ ಎಂದು ಹಿಂದಿರುಗಿಸಿತು. ವಿವರ ಬರೆದಾಗ ‘ವಿಷಯ ಸ್ಪಷ್ಟವಿಲ್ಲ’ ಎಂದಿತು. ಆದ್ದರಿಂದ ಈ ಸಲ ಎಲ್ಲರೂ ಓದುವ ಹಾಗೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನಿಮಗೆ ಅರ್ಥವಾಗದಿದ್ದರೆ ಅಕ್ಕಪಕ್ಕದವರು ಓದಿ ಹೇಳಿಯಾರು.

ಗುಂಡಿನ ವೇಗದ ವಿದ್ಯುತ್ ಕಾರುಗಳು ರಸ್ತೆಗಿಳಿಯತೊಡಗಿದಾಗ ನೀವೊಂದು ನಿಯಮ ತಂದಿರಿ. ಮೋಟಾರಿನ ಶಕ್ತಿ ಒಂದು ಮಿತಿ ಮೀರಿದ ಯಾವ ವಾಹನಕ್ಕಾದರೂ ಒಬ್ಬ ‘ಹೊಣೆಗಾರ ಚಾಲಕ’ ಇರಬೇಕು. ಡೆಲಿವರಿ ಪಡೆಯುವಾಗ ಆ ವ್ಯಕ್ತಿ ಚಾಲಕರ ಸೀಟಿನಲ್ಲಿ ಕೂತು, ವಾಹನವೇ ಓದಿ ಹೇಳುವ ಷರತ್ತುಗಳನ್ನು ಕೇಳಿ, ಬಾಯಿಬಿಟ್ಟು ಒಪ್ಪಬೇಕು. ಆ ದನಿಯೂ ಮುಖವೂ ನೇರ ನಿಮ್ಮ ಕಚೇರಿಗೆ ಹೋಗುತ್ತವೆ. ಅಲ್ಲಿಂದ ಮೂರು ವರ್ಷ ಆ ವಾಹನವನ್ನು ಬೇರೆ ಯಾರೂ ಓಡಿಸುವಂತಿಲ್ಲ, ಆ ವ್ಯಕ್ತಿ ಅಂಥದೇ ಇನ್ನೊಂದು ವಾಹನವನ್ನು ಮುಟ್ಟುವಂತಿಲ್ಲ. ಅವಧಿಗೆ ಮುಂಚೆ ಹೊಣೆ ಇಳಿಸುವ ಅಧಿಕಾರ ಇರುವುದು ನಿಮ್ಮೊಬ್ಬರಿಗೇ. ಜನರ ಮೇಲೆ ಗಾಡಿ ಹತ್ತಿಸಿ, ಮಾರನೆಯ ದಿನ ‘ಓಡಿಸಿದ್ದು ನಾನಲ್ಲ, ನನ್ನ ಡ್ರೈವರ್’ ಎನ್ನುವ ದೊಡ್ಡ ಮನುಷ್ಯರನ್ನು ಹಿಡಿಯುವುದಕ್ಕೆಂದು ಮಾಡಿದ ನಿಯಮ ಇದು. ಒಳ್ಳೆಯ ನಿಯಮ. ಅದನ್ನು ಬೆಂಬಲಿಸಿ ಬಿಸಿಲಿನಲ್ಲಿ ನಿಂತು ಕರಪತ್ರ ಹಂಚಿದವರಲ್ಲಿ ನಾನೂ ಒಬ್ಬಳು. ಬಲೆ ಹೆಣೆಯುವಾಗ ನೂಲು ಹಿಡಿದುಕೊಟ್ಟಿದ್ದೆ. ಮೀನು ನಾನೇ ಎಂದು ಆಗ ಗೊತ್ತಿರಲಿಲ್ಲ.

ನಾನು ಬಸ್ಸಿನ ಕಡೆಯವಳು. ಕಾಲೇಜಿನಲ್ಲಿ ಓದಿದ್ದಕ್ಕಿಂತ ಬಸ್ ನಿಲ್ದಾಣದಲ್ಲಿ ಜನ ಓದದೆ ಬಿಸಾಡಿದ ಕರಪತ್ರಗಳನ್ನು ಹೆಕ್ಕಿ ಓದಿದ್ದೇ ಹೆಚ್ಚು. ಆಮೇಲೆ ನಾನೇ ಬರೆಯತೊಡಗಿದೆ. ‘ಒಬ್ಬೊಬ್ಬರಿಗೂ ಒಂದು ಕಾರು, ಎಲ್ಲರಿಗೂ ಒಂದೇ ಜಾಮು’ ಎಂಬ ಗೋಡೆಬರಹವನ್ನು ನೀವೂ ನೋಡಿರಬಹುದು, ನಿಮ್ಮ ಕಚೇರಿಯ ಕಾಂಪೌಂಡಿನ ಮೇಲೂ ಇದೆ. ಮನೆಯಲ್ಲಿ ನನ್ನ ಅಡ್ಡಹೆಸರೇ ‘ಕರಪತ್ರ’. ಬರೀ ಕೂಗುತ್ತಿದ್ದರೆ ಸಾಲದು, ಸ್ಟೀರಿಂಗ್ ಹಿಡಿಯಬೇಕು ಎನಿಸಿ ನಗರ ಸಾರಿಗೆಯ ಚಾಲಕರ ತರಬೇತಿಗೆ ಸೇರಿದೆ, ಪಾಸಾದೆ. ಹೊಸ ವಿದ್ಯುತ್ ಬಸ್ಸುಗಳು ಬಂದಾಗ ಒಂದರ ಸೀಟು ನನ್ನದೆಂದು ಡಿಪೋ ಮ್ಯಾನೇಜರ್ ಮೇಡಂ ಮಾತು ಕೊಟ್ಟರು. ಆ ಬಸ್ಸುಗಳೂ ನಿಮ್ಮ ಅತಿಶಕ್ತಿ ವರ್ಗಕ್ಕೇ ಸೇರುತ್ತವೆ. ಇದನ್ನು ನೆನಪಿನಲ್ಲಿಡಿ, ನನ್ನ ಕೊರಳ ಹಗ್ಗದ ಇನ್ನೊಂದು ತುದಿ ಇರುವುದು ಅಲ್ಲೇ.

ಕಾರು ನನ್ನ ಭಾವನವರದು. ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಬಾಯಿ ತೆರೆದು ಮಲಗಿದವರನ್ನು ‘ನೋವಿಲ್ಲ ಅಲ್ವಾ? ಕಿತ್ತುಬಿಡ್ಲಾ?’ ಎಂದು ಕೇಳಿ, ಅವರು ‘ಆಂ’ ಎಂದರೆ ಅದನ್ನೇ ಒಪ್ಪಿಗೆ ಎಂದುಕೊಂಡು ಇಕ್ಕಳ ಎತ್ತಿಕೊಳ್ಳುವುದು ಅವರ ವೃತ್ತಿ. ನಿಮ್ಮ ಕಚೇರಿಯೂ ಅದೇ ವೃತ್ತಿಯಲ್ಲಿದೆ ಎಂದು ಆಮೇಲೆ ತಿಳಿಯಿತು. ಮನುಷ್ಯ ಕೆಟ್ಟವರಲ್ಲ. ಎಳೆಯ ಹುಡುಗನಾಗಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದ ಕಾರಿನ ಚಿತ್ರವನ್ನು ಈ ವಯಸ್ಸಿನಲ್ಲಿ ನಿಜ ಮಾಡಿಕೊಳ್ಳಲು ಹೊರಟರು, ಅಷ್ಟೆ. ಡೆಲಿವರಿಯ ದಿನ ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು.

ಶೋರೂಮೆಂದರೆ ನಾಲ್ಕೂ ಕಡೆ ಗಾಜು. ನಡುವೆ ಕಪ್ಪು ಬಟ್ಟೆ ಹೊದ್ದುಕೊಂಡ ಕಾರು. ಮೇಲಿನಿಂದ ಬೆಳಕು, ಎಲ್ಲಿಂದಲೋ ಸಂಗೀತ. ಬಟ್ಟೆ ಸರಿಸಿದಾಗ ಬೆಂಕಿಕಡ್ಡಿಯ ತಲೆಯಂಥ ಕೆಂಪು. ಆ ಕಾರಿಗೆ ಬೀಗದಕೈ ಎಂಬುದೇ ಇಲ್ಲ, ಆದರೆ ಫೋಟೋಗೆ ಕೈಯಲ್ಲಿ ಏನಾದರೂ ಇರಬೇಕಲ್ಲ, ಆಳುದ್ದದ ರಟ್ಟಿನ ಬೀಗದಕೈ ಮಾಡಿಟ್ಟಿದ್ದರು. ಭಾವ ಅದನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದರು. ಆ ಹೊತ್ತಿಗೆ ಫೋಟೋದವನು ಅವರ ಕೂದಲು ಎದ್ದು ನಿಂತಿದೆ ಎಂದ.

“ಲೇ ಕರಪತ್ರ, ಒಂದು ನಿಮಿಷ ಆ ಸೀಟಲ್ಲಿ ಕೂತ್ಕೋ. ಖಾಲಿ ಕಾಣಬಾರದಂತೆ. ಕೂದಲು ಬಾಚ್ಕೊಂಡು ಬಂದೆ.”

“ನಾನು ಶತ್ರು ಪಾಳೆಯದಲ್ಲಿ ಕೂರಲ್ಲ ಭಾವ.”

“ಕೂತು ನೋಡಿ ಬೈಯಿ. ನೋಡದೆ ಬೈದ್ರೆ ಕರಪತ್ರಕ್ಕೇ ಅವಮಾನ.”

“ಕೂತ್ಕೊಳ್ಳೇ, ಸಾಕು ನಿನ್ನ ಜಂಬ,” ಎಂದು ಅಕ್ಕ ಬೆನ್ನಿಗೊಂದು ಕೊಟ್ಟಳು. ಕೂತೆ.

ಬಾಗಿಲು ತಾನೇ ಮುಚ್ಚಿಕೊಂಡಿತು. ಹೊರಗಿನ ಸಂಗೀತ, ಅಕ್ಕನ ಮಾತು ಎಲ್ಲ ಕತ್ತರಿಸಿದಂತೆ ನಿಂತವು. ಸೀಟು ನನ್ನ ಬೆನ್ನನ್ನು ಅಳೆದು, ಎರಡೂ ಪಕ್ಕದಿಂದ ಉಬ್ಬಿ, ಕೇಳದೆಯೇ ತಬ್ಬಿಕೊಂಡಿತು. ಇಳಿಯೋಣವೆಂದು ಬಾಗಿಲ ಹಿಡಿ ಹುಡುಕಿದೆ. ಹಿಡಿಯೇ ಇಲ್ಲ. ನುಣುಪಾದ ಚರ್ಮ, ನುಣುಪಾದ ಗಾಜು, ಅದರಾಚೆ ಬಾಯಿ ಮಾತ್ರ ಆಡುತ್ತಿರುವ ಜನ. ಅಷ್ಟರಲ್ಲಿ ಒಂದು ಹೆಣ್ಣುದನಿ, ತುಂಬ ಮೆಲ್ಲಗೆ, ತುಂಬ ಆತ್ಮೀಯವಾಗಿ ಮಾತಾಡತೊಡಗಿತು. ಷರತ್ತು ಓದುವುದು ಭಾವ ಕೂತ ಮೇಲೆ ತಾನೇ, ಇದು ಬರೀ ಸ್ವಾಗತದ ಮಾತಿರಬೇಕು ಎಂದುಕೊಂಡೆ.

“ಈ ವಾಹನದ ವೇಗ ಅಸಾಧಾರಣವಾದುದು.” ಹೀಗೆಂದು ದನಿ ನಿಂತಿತು. ಕಾಯಿತು.

“ಹೂಂ,” ಎಂದೆ, ಬಾಗಿಲಿನ ಅಂಚು ತಡವುತ್ತ.

“ಕಾಲಿನ ಒಂದು ತಪ್ಪು ಪ್ರಾಣಕ್ಕೆ ಎರವಾಗಬಹುದು.”

“ಹೂಂ.”

“ಇದರ ಸಂಪೂರ್ಣ ಹೊಣೆ ನನ್ನದು.”

ಪಾಪ, ಎಷ್ಟು ಪ್ರಾಮಾಣಿಕ ಕಾರು, ತನ್ನ ಹೊಣೆಯನ್ನು ತಾನೇ ಹೊತ್ತುಕೊಳ್ಳುತ್ತಿದೆ ಎಂದುಕೊಂಡೆ. “ಹೂಂ,” ಎಂದೆ.

“ಧನ್ಯವಾದಗಳು,” ಎಂದಿತು ದನಿ.

ಶೋರೂಮಿನ ಹುಡುಗಿ ಹೊರಗಿನಿಂದ ಬಾಗಿಲು ತೆರೆದಳು. ಬದುಕಿದೆ ಎಂದು ಇಳಿಯುತ್ತ, ರೂಢಿಯಂತೆ ಅವಳಿಗೆ “ಬರ್ತೀನಿ” ಎಂದೆ. ಕಾರಿನೊಳಗಿನ ಪರದೆಯ ಮೇಲೆ ಅಕ್ಷರ ಮೂಡಿತು: ‘ಹೊಣೆಗಾರ ಚಾಲಕರು ವಾಹನದೊಂದಿಗೆ ಬರಲು ಒಪ್ಪಿದ್ದಾರೆ.’ ಮೇಲಿನಿಂದ ಬಣ್ಣದ ಕಾಗದದ ಚೂರು ಸುರಿಯಿತು. ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿದರು. ಕೂದಲು ಬಾಚಿಕೊಂಡು ಬಂದ ಭಾವ ತಮಗೇ ಚಪ್ಪಾಳೆ ಎಂದುಕೊಂಡು ಕೈಮುಗಿದು ಒಳಗೆ ಕೂತರು. ಕಾರು ಅದೇ ಮೆಲುದನಿಯಲ್ಲಿ, “ಕ್ಷಮಿಸಿ, ನೀವು ಈ ವಾಹನದ ಹೊಣೆಗಾರರಲ್ಲ. ದಯವಿಟ್ಟು ಇಳಿಯಿರಿ,” ಎಂದಿತು.

ಆ ದಿನ ಮನೆವರೆಗೂ ಕಾರು ಓಡಿಸಿದ್ದು ನಾನು. ಭಾವ ಪಕ್ಕದ ಸೀಟಿನಲ್ಲಿ ರಟ್ಟಿನ ಬೀಗದಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅದು ಕಿಟಕಿಯಿಂದಾಚೆ ಅರ್ಧ ಚಾಚಿಕೊಂಡಿತ್ತು.

ಈಗ ಹೇಳಿ ಮಾನ್ಯರೇ, ಹೂಂ ಎಂದರೇನು? ನೀವು ಹುಟ್ಟಿದಾರಭ್ಯ ಈ ಭಾಷೆಯಲ್ಲೇ ಉಸಿರಾಡುತ್ತಿದ್ದೀರಿ, ನಾನು ಕಲಿಸಬೇಕಾಗಿಲ್ಲ. ನನ್ನನ್ನು ಬೆಳೆಸಿದ್ದು ಅಜ್ಜಿ, ಅವಳ ಕಥೆಗಳು. ಅಜ್ಜಿಯ ಕಥೆಗೆ ಒಂದೇ ಷರತ್ತು: ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಎಂದಾಗಲೂ ಹೂಂ ಎಂದಿದ್ದೇನೆ. ಅಂದರೆ ಆ ಅಪಹರಣಕ್ಕೆ ನನ್ನ ಸಮ್ಮತಿ ಇತ್ತೇ? ರಾಜ ಏಳನೆಯ ಮದುವೆಯಾದ ಎಂದಾಗಲೂ ಹೂಂ ಎಂದಿದ್ದೇನೆ. ಆ ಏಳನೆಯ ರಾಣಿಯ ಹೊಣೆಯೂ ನನ್ನ ತಲೆಗೇ ಬರುತ್ತದೆಯೇ? ಹೂಂ ಎಂದರೆ ಕಿವಿ ಇಲ್ಲಿದೆ ಎಂದರ್ಥ. ನೀನು ಗೋಡೆಯ ಜೊತೆ ಮಾತಾಡುತ್ತಿಲ್ಲ ಎಂಬ ಮರ್ಯಾದೆ ಅದು. ಒಂದು ದನಿ ಮಾತಾಡಿ ನಿಂತು ಕಾದರೆ ಹೂಂ ಎನ್ನದೆ ಇರುವುದು ನಮ್ಮ ಜನಕ್ಕೆ ಬಾರದ ವಿದ್ಯೆ. ಬರ್ತೀನಿ ಎಂಬುದಂತೂ ಇನ್ನೂ ಸೊಗಸು. ನಮ್ಮಲ್ಲಿ ಹೋಗುವವರು ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ. ಸಾಲಗಾರ ಕೂಡ ಬರ್ತೀನಿ ಎಂದೇ ತಲೆಮರೆಸಿಕೊಳ್ಳುತ್ತಾನೆ. ಒಂದು ಜನದ ಸೌಜನ್ಯವನ್ನೇ ಸಹಿ ಎಂದು ಓದುವ ಯಂತ್ರಕ್ಕೆ ಮೊಹರು ಒತ್ತಿಕೊಟ್ಟವರು ಯಾರು? ನಿಮ್ಮ ಕಚೇರಿ.

ನಾನು ತತ್ವ ಮಾತ್ರ ಹೇಳಿ ಕೂರುವವಳಲ್ಲ, ಪರೀಕ್ಷೆಯನ್ನೂ ಮಾಡಿದ್ದೇನೆ. ಮತ್ತೆ ಅದೇ ಶೋರೂಮಿಗೆ ಹೋಗಿ ಆ ಹುಡುಗಿಯನ್ನು ಕೇಳಿದೆ: “ಒಪ್ಪದಿದ್ರೆ ಏನನ್ನಬೇಕು?”

ಅವಳು ಕಣ್ಣು ಬಿಟ್ಟಳು. “ಗೊತ್ತಿಲ್ಲ ಮೇಡಂ. ಕಾರು ತಗೊಳ್ಳೋಕೆ ಬಂದವರು ಯಾರೂ ಇಲ್ಲೀವರೆಗೆ ಬೇಡ ಅಂದಿಲ್ಲ.”

“ನಾನಂತೀನಿ. ನೋಡೋಣ್ವಾ?”

ಜನರಿಗೆ ತೋರಿಸಲೆಂದು ಇಟ್ಟಿದ್ದ ಕಾರಿನಲ್ಲಿ ಅವಳೇ ಕೂರಿಸಿದಳು. ಅದರ ಮಾತು ಯಾವ ಕಚೇರಿಗೂ ಹೋಗುವುದಿಲ್ಲ ಎಂದು ಮೊದಲೇ ಖಚಿತ ಮಾಡಿಕೊಂಡೆ. ಒಮ್ಮೆ ಬಿದ್ದ ಹಳ್ಳಕ್ಕೆ ಎರಡನೆಯ ಸಲ ಬೀಳಲು ನಾನೇನು ಮತದಾರಳೇ? ಅದೇ ದನಿ, ಅದೇ ಆತ್ಮೀಯತೆ. “ಇದರ ಸಂಪೂರ್ಣ ಹೊಣೆ ನನ್ನದು,” ಎಂದು ಕಾಯಿತು. ನಾನು ಎದೆಯುಬ್ಬಿಸಿ, ಸ್ಪಷ್ಟವಾಗಿ, ತಲೆಯನ್ನೂ ಅಡ್ಡಡ್ಡ ಆಡಿಸಿ, “ಊಹೂಂ” ಎಂದೆ.

“ಧನ್ಯವಾದಗಳು,” ಎಂದಿತು ಕಾರು.

ಹುಡುಗಿ ಮೊದಲು ನಕ್ಕಳು. ಆಮೇಲೆ ನಗಲಿಲ್ಲ. “ಮೇಡಂ, ಊಹೂಂ ಒಳಗೂ ಒಂದು ಹೂಂ ಇದೆ ಅಲ್ವಾ,” ಎಂದಳು.

ಇದೆ ಮಾನ್ಯರೇ. ಬೇಡ ಎನ್ನುವ ನಮ್ಮ ಮಾತಿನ ಹೊಟ್ಟೆಯೊಳಗೇ ನಿಮ್ಮ ಯಂತ್ರಕ್ಕೆ ಬೇಕಾದ ಹೌದು ಇದೆ. ಹೂಂ ಎಂದರೂ ಒಪ್ಪಿಗೆ, ಊಹೂಂ ಎಂದರೂ ಒಪ್ಪಿಗೆ. ಸುಮ್ಮನಿದ್ದರೆ? ಅದನ್ನೂ ನೋಡಿದೆ. ಅದು ಮತ್ತೆ ಮೊದಲಿನಿಂದ ಓದತೊಡಗುತ್ತದೆ, ಬಾಗಿಲು ತೆರೆಯುವುದಿಲ್ಲ. ಒಪ್ಪಿಗೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಅದರ ಪಕ್ಕದಲ್ಲಿ ಇಲ್ಲ ಎನ್ನುವುದಕ್ಕೊಂದು ಬಾಗಿಲಿರಬೇಕು, ಆ ಬಾಗಿಲಿಗೆ ಕೈಗೆ ಸಿಗುವ ಹಿಡಿಯಿರಬೇಕು. ಇಲ್ಲದಿದ್ದರೆ ಅದು ಒಪ್ಪಿಗೆಯಲ್ಲ, ಉಸಿರುಗಟ್ಟಿದವರ ನರಳಾಟ. ದೊಡ್ಡವರನ್ನು ಹಿಡಿಯಲು ಹಾಕಿದ ಬಲೆಯಿಂದ ದೊಡ್ಡವರೆಲ್ಲ ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡು ನುಣುಚಿಕೊಳ್ಳುತ್ತಾರೆ. ಸಿಕ್ಕಿಕೊಳ್ಳುವವರು ಮರ್ಯಾದೆಗೆ ಹೂಂ ಎನ್ನುವ ನಮ್ಮಂಥವರು.

ಹಾಗಾದರೆ ಓಡಿಸಬೇಡ ಎನ್ನಬಹುದು ನೀವು. ಓಡಿಸದೆ ನಿಲ್ಲಿಸಿದರೂ ಹೊಣೆ ಇಳಿಯುವುದಿಲ್ಲವಲ್ಲ. ಅದಲ್ಲದೆ ನಾನೂ ಅಜ್ಜಿಯೂ ಇರುವುದು ಅಕ್ಕನ ಮನೆಯ ಮಾಳಿಗೆಯ ಕೋಣೆಯಲ್ಲಿ. ಅವರ ಸೂರಿನಡಿ ಮಲಗಿ ‘ನಿಮ್ಮ ಕಾರು ಮುಟ್ಟಲ್ಲ’ ಎನ್ನುವುದು ಹೇಗೆಂದು ಯಾವ ಕರಪತ್ರದಲ್ಲೂ ಬರೆದಿಲ್ಲ. ಆದ್ದರಿಂದ ಬೆಳಗ್ಗೆ ಭಾವನವರನ್ನು ಕ್ಲಿನಿಕ್ಕಿಗೆ ಬಿಡುತ್ತೇನೆ, ಸಂಜೆ ಕರೆತರುತ್ತೇನೆ. ಕಣ್ಣು ಮಿಟುಕಿಸುವುದರೊಳಗೆ ನೂರು ದಾಟಬಲ್ಲ ಕಾರು ಹಣ್ಣಿನ ತಳ್ಳುಗಾಡಿಯ ಹಿಂದೆ, ತಳ್ಳುಗಾಡಿಯ ವೇಗದಲ್ಲಿ ತೆವಳುತ್ತದೆ. ಪಕ್ಕದ ಬಸ್ ಪಥದಲ್ಲಿ ಬಸ್ಸುಗಳು ಸರಾಗವಾಗಿ ಸಾಗುತ್ತವೆ. ನನ್ನ ಜೊತೆ ತರಬೇತಿ ಪಡೆದವರು ಮೇಲಿನಿಂದ ಇಣುಕಿ ಹಾರ್ನ್ ಹೊಡೆಯುತ್ತಾರೆ. “ಏನ್ ಮಾರಾಯ್ತಿ, ಪಾರ್ಟಿ ಬದಲಾಯ್ಸಿದ್ಯಾ?” ಎಂದು ಒಬ್ಬಳು ಕೂಗಿದಳು. ಗಾಜು ಇಳಿಸಿ ಉತ್ತರ ಕೊಡಬೇಕೆಂದರೆ ಯಾವ ಗುಂಡಿ ಒತ್ತಬೇಕೋ ಸಿಗಲಿಲ್ಲ.

ಮೊದಮೊದಲು ಭಾವನವರೂ ನನ್ನಷ್ಟೇ ಒದ್ದಾಡಿದರು. ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. ತಿರುವು ಬಂದಾಗ ಕೈ ತಾನಾಗಿ ಸ್ಟೀರಿಂಗ್ ತಿರುಗಿಸುವಂತೆ ಗಾಳಿಯಲ್ಲಿ ತಿರುಗುತ್ತಿತ್ತು. ನನ್ನ ಮೊದಲ ಅರ್ಜಿಗೆ ಅವರೂ ಸಹಿ ಹಾಕಿದ್ದಾರೆ, ನಿಮ್ಮಲ್ಲೇ ಇರಬೇಕು. ಮೊನ್ನೆ ನೋಡಿದರೆ ಕ್ಲಿನಿಕ್ ಬರುವವರೆಗೂ ಗೊರಕೆ ಹೊಡೆದರು. ಎಬ್ಬಿಸಿದಾಗ, “ಒಂಥರಾ ಇದೂ ಚೆನ್ನಾಗೇ ಇದೆ ಕಣೇ, ತಲೆನೋವಿಲ್ಲ,” ಎಂದರು. ಆ ಮಾತಿಗೆ ಹೆದರಿದಷ್ಟು ನಾನು ನಿಮ್ಮ ನಿಯಮಕ್ಕೂ ಹೆದರಿರಲಿಲ್ಲ.

ಅಕ್ಕನೂ ಸಮಾಧಾನ ಹೇಳುತ್ತಾಳೆ: “ಬಸ್ಸಲ್ಲಾದ್ರೆ ಊರವರೆಲ್ಲ ಬೈತಾರೆ. ಇಲ್ಲಿ ಬೈಯೋದು ನಾವಿಬ್ಬರೇ. ಮೂರು ವರ್ಷ ತಾನೇ, ಹೊಂದ್ಕೊಂಡು ಹೋಗು.”

“ಆಮೇಲೆ ಬಸ್ ಕಾಯ್ತಾ ಇರುತ್ತಾ ಅಕ್ಕ?”

“ಬಸ್ಸಿಗೆ ನಾವು ಕಾಯೋದು, ನಮಗೆ ಬಸ್ ಯಾವತ್ತು ಕಾದಿತ್ತು?”

ಬುದ್ಧಿವಂತೆ ನಮ್ಮಕ್ಕ, ಅವಳೊಡನೆ ವಾದಿಸಲಾಗದು. ಹೀಗೇ ಮಾನ್ಯರೇ, ಸೆರೆ ಎನ್ನುವುದು ಬೀಗದಿಂದಲ್ಲ, ಸುತ್ತಲಿನವರಿಗೆ ಅದು ಅನುಕೂಲವಾಗುವುದರಿಂದ ಗಟ್ಟಿಯಾಗುತ್ತದೆ. ಇನ್ನು ಸ್ವಲ್ಪ ದಿನ ಹೋದರೆ ನನಗೂ ರೂಢಿಯಾಗುತ್ತದೋ ಏನೋ. ಆ ಸೀಟು ಈಗಾಗಲೇ ನನ್ನ ಬೆನ್ನಿನ ಆಕಾರ ಕಲಿತಿದೆ. ನಾನು ಬಾಗಿಲು ಮುಟ್ಟುವ ಮೊದಲೇ ಉಬ್ಬಿಕೊಂಡು ಕಾಯುತ್ತದೆ.

ಡಿಪೋದಲ್ಲಿ ಹೊಸ ಬಸ್ಸುಗಳು ಬಂದು ನಿಂತಿವೆ. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಮ್ಯಾನೇಜರ್ ಮೇಡಂ ಒಂದರ ಪಕ್ಕ ನಿಲ್ಲಿಸಿಕೊಂಡು, “ಇದು ನಿಂದೇ ಅಂತ ಇಟ್ಟಿದ್ದೀನಮ್ಮ. ಆದ್ರೆ ನಿನ್ನ ಹೆಸರು ಹಾಕಿದ್ರೆ ಕಂಪ್ಯೂಟರ್ ಒಪ್ತಿಲ್ಲ. ಇನ್ನೊಂದು ಗಾಡಿ ಇದೆ ಅಂತ ತೋರಿಸ್ತಿದೆ. ತಿಂಗಳ ಕೊನೇವರೆಗೂ ತಡೀತೀನಿ. ಆಮೇಲೆ ನನ್ನ ಕೈಯಲ್ಲೂ ಇಲ್ಲ,” ಎಂದರು. ಆ ಬಸ್ಸಿನ ಮೆಟ್ಟಿಲ ಮೇಲೊಂದು ಕಾಲಿಟ್ಟು ಇಳಿದೆ. ಅದರ ಬಾಗಿಲಿಗೆ ಹಿಡಿ ಇದೆ, ಹಳದಿ ಬಣ್ಣದ್ದು, ಕುರುಡರಿಗೂ ಸಿಗುವಂಥದ್ದು.

ಮನೆಯಲ್ಲಿ ಆಗಿರುವ ನಷ್ಟ ಇನ್ನೊಂದು. ಈಗ ನನಗೆ ಹೂಂ ಎನ್ನಲು ಭಯ. ಅಜ್ಜಿ ಈಗಲೂ ಕಥೆ ಹೇಳುತ್ತಾಳೆ, ನಾನು ಹಲ್ಲು ಕಚ್ಚಿಕೊಂಡು ಕೇಳುತ್ತೇನೆ.

“ಕೇಳ್ತಿದ್ದೀಯೇನೇ?”

“ಕೇಳ್ತಿದ್ದೀನಿ ಅಜ್ಜಿ. ಮುಂದುವರಿಸು.”

“ಅದೇನೇ ಅದು, ಕಟಕಟೇಲಿ ನಿಂತವಳ ಹಾಗೆ ಉತ್ತರ? ಹೂಂ ಅನ್ನೋಕೇನು ನಾಲಿಗೆ ಸವೆಯುತ್ತಾ?” ಎಂದು ಅವಳು ಗೋಡೆಯ ಕಡೆ ತಿರುಗಿದಳು. ರಾಜಕುಮಾರಿ ಇನ್ನೂ ರಾಕ್ಷಸನ ಗುಹೆಯಲ್ಲೇ ಇದ್ದಾಳೆ.

ಇನ್ನು ನಮ್ಮಿಬ್ಬರ ಭೇಟಿಯ ವಿಚಾರ. ಕಳೆದ ವಾರ ನಿಮ್ಮ ಅಹವಾಲು ಸಭೆಗೆ ಬಂದಿದ್ದೆ. ಸಭಾಂಗಣ ತುಂಬಿತ್ತು. ನಿಮ್ಮ ಮುಂದೆ ಮೈಕು, ನನ್ನ ಮುಂದೆ ಮೈಕು. ಸಭೆಯ ಮಾತೆಲ್ಲ ಧ್ವನಿಮುದ್ರಣವಾಗಿ ಸಾರ್ವಜನಿಕರಿಗೆ ಸಿಗಬೇಕು ಎಂಬುದು ನಿಮ್ಮದೇ ಇನ್ನೊಂದು ನಿಯಮ. ಅದೂ ಒಳ್ಳೆಯ ನಿಯಮವೇ. ನಾನು ಮೇಲಿನದೆಲ್ಲವನ್ನೂ ಹೇಳಿದೆ. ನೀವು ಫೋನಿನಲ್ಲಿ ಏನನ್ನೋ ಮೇಲಕ್ಕೆ ಸರಿಸುತ್ತ ಕೇಳಿದಿರಿ. ಕೇಳಿದಿರಿ ಎಂದು ನನಗೆ ಹೇಗೆ ಗೊತ್ತು? ನೀವು ಹೂಂಗುಟ್ಟುತ್ತಿದ್ದಿರಿ.

“ನನಗೆ ಗೊತ್ತಿಲ್ಲದೆ ಆದ ಹೊಣೆ ಇದು ಸರ್.”

“ಹೂಂ.”

“ನಿಮ್ಮ ಯಂತ್ರದ್ದೇ ತಪ್ಪು.”

“ಹೂಂ.”

“ಹಾಗಾದ್ರೆ ನನ್ನ ಹೊಣೆ ಇಳಿಸಿ, ಬಸ್ಸಿಗೆ ಬಿಡ್ತೀರಿ ಅಲ್ವಾ ಸರ್?”

“ಹೂಂ.”

ನಾನು, “ಧನ್ಯವಾದಗಳು,” ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ನೀವು ತಲೆಯೆತ್ತಿದಿರಿ.

“ಏನಂದ್ರಿ?”

“ನೀವು ಒಪ್ಪಿದ್ರಿ ಸರ್.”

“ಯಾವಾಗ ಒಪ್ದೆ? ಅಯ್ಯೋ, ಹೂಂ ಅಂದೆ ಕಣಮ್ಮ. ಕೇಳಿಸ್ಕೊಳ್ತಿದ್ದೆ ಅಷ್ಟೆ!”

ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ನಿಮ್ಮ ಪಕ್ಕ ಕೂತಿದ್ದ ಗುಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೀವು ಮಾತ್ರ ನಗಲಿಲ್ಲ. “ನೋಡೋಣ,” ಎಂದಿರಿ. ನೋಡೋಣ ಎಂದರೆ ಆಗುವುದಿಲ್ಲ ಎಂದು ನಮ್ಮ ಭಾಷೆಯಲ್ಲಿ ಯಾರಿಗೆ ಗೊತ್ತಿಲ್ಲ? ನಾನು ಎದ್ದೆ. ಬರ್ತೀನಿ ಎಂಬ ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ.

ಆದ್ದರಿಂದ ನನ್ನ ಬೇಡಿಕೆ ಬೇಡಿಕೆಯೇ ಅಲ್ಲ, ಲೆಕ್ಕಾಚಾರ. ಎರಡು ಹೂಂಗಳಿವೆ. ಒಂದು ನನ್ನದು, ಮುಚ್ಚಿದ ಕಾರಿನೊಳಗೆ ಬಾಗಿಲ ಹಿಡಿ ಹುಡುಕುತ್ತ ಅಂದದ್ದು. ಇನ್ನೊಂದು ನಿಮ್ಮದು, ತೆರೆದ ಸಭೆಯಲ್ಲಿ, ಸರಕಾರಿ ಕುರ್ಚಿಯಲ್ಲಿ, ನೇರ ಪ್ರಶ್ನೆಗೆ ಅಂದದ್ದು. ಹೂಂ ಎಂದರೆ ಒಪ್ಪಿಗೆಯಾದರೆ ನೀವು ನನ್ನನ್ನು ಬಿಡುಗಡೆ ಮಾಡಲು ಒಪ್ಪಿದ್ದೀರಿ, ಬಿಡುಗಡೆ ಮಾಡಿ. ಹೂಂ ಎಂದರೆ ಬರೀ ಕೇಳಿಸಿಕೊಂಡೆ ಎಂದಾದರೆ ನಾನು ಯಾವ ಹೊಣೆಯನ್ನೂ ಒಪ್ಪಿಲ್ಲ, ಬಿಡುಗಡೆ ಮಾಡಿ. ಇವೆರಡರ ನಡುವೆ ನಿಲ್ಲಲು ನಿಮಗೊಂದು ಮೂರನೆಯ ಜಾಗ ಇದ್ದರೆ ತಿಂಗಳ ಕೊನೆಯೊಳಗೆ ಬರವಣಿಗೆಯಲ್ಲಿ ತಿಳಿಸಿ, ಪತ್ರಿಕೆಯಲ್ಲೇ ಓದಿಕೊಳ್ಳುತ್ತೇವೆ. ಜೊತೆಗೆ ನಿಮ್ಮ ಯಂತ್ರಕ್ಕೆ ಊಹೂಂ ಎಂಬ ಒಂದು ಮಾತನ್ನು ಕಲಿಸಿ. ಮಕ್ಕಳು ಮಾತಾಡಲು ಬರುವ ಮೊದಲೇ ಅದನ್ನು ಕಲಿಯುತ್ತವೆ, ಕಷ್ಟವೇನಲ್ಲ.

ಸಭೆಯ ಧ್ವನಿಮುದ್ರಣ ನನ್ನ ಬಳಿ ಇದೆ, ಈಗ ಊರಿನ ಅರ್ಧ ಜನರ ಬಳಿಯೂ ಇದೆ. ಬಸ್ಸುಗಳಲ್ಲಿ ಹಾಕಿಕೊಂಡು ಕೇಳುತ್ತಿದ್ದಾರಂತೆ. ನಿಮ್ಮ ಹೂಂ ಬಹಳ ಸ್ಪಷ್ಟವಾಗಿದೆ.

ಇಂತಿ,
ಬರ್ತೀನಿ ಎನ್ನುವ ಧೈರ್ಯ ಉಳಿಯದೆ, ಹೋಗುತ್ತೇನೆ ಎನ್ನಲು ಬಾಗಿಲೂ ಸಿಗದೆ,
ಕೆಂಪು ಕಾರಿನೊಳಗೆ ಕೂತೇ ಇರುವ
‘ಕರಪತ್ರ’